ಲ್ಯಾಪ್‌ಟಾಪ್ ಬಂತು, ಲೆಕ್ಕ ಯಾಕೆ ಬರಲಿಲ್ಲ?

ಶಾಲೆಯ ಹತ್ತಿರ ಒಂದಿಷ್ಟು ದುಡ್ಡಿದೆ ಅಂದ್ಕೊಳ್ಳಿ. ಅದರಲ್ಲಿ ಟ್ಯಾಬ್, ಲ್ಯಾಪ್‌ಟಾಪ್, ಸ್ಮಾರ್ಟ್ ಬೋರ್ಡ್ ಕೊಂಡರೆ ಮಕ್ಕಳು ಚೆನ್ನಾಗಿ ಕಲೀತಾರಾ? ಇದರ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ. ಆದರೆ ಕೆಲವು ಕಡೆ ಅಳೆದೇ ನೋಡಿದ್ದಾರೆ. ಇವತ್ತು ಅಂಥ ಎರಡು ಕತೆ ಹೇಳ್ತೀನಿ. ಒಂದು ಪೆರು ದೇಶದ್ದು, ಇನ್ನೊಂದು ನಮ್ಮ ದೆಹಲಿಯದು.

ಮೊದಲು ಪೆರು. 2005ರಲ್ಲಿ ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ ‘ನೂರು ಡಾಲರ್ ಲ್ಯಾಪ್‌ಟಾಪ್’ ಅನ್ನೋ ಕನಸನ್ನು ಜಗತ್ತಿನ ಮುಂದಿಟ್ಟರು. ಬಡ ಮಗುವಿನ ಕೈಗೂ ಒಂದು ಕಂಪ್ಯೂಟರ್. ಬೆಲೆ ಮಾತ್ರ ನೂರಕ್ಕೆ ನಿಲ್ಲಲಿಲ್ಲ, ಇನ್ನೂರರ ಹತ್ತಿರ ಹೋಯ್ತು. ಆದರೂ ಪೆರು ಸರ್ಕಾರ 8 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಕೊಂಡು ಹಂಚಿತು.

ಇಂಟರ್-ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಂಶೋಧಕರು ಅಲ್ಲಿನ ಹಳ್ಳಿಗಾಡಿನ 319 ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡು, ಲ್ಯಾಪ್‌ಟಾಪ್ ಸಿಕ್ಕ ಶಾಲೆ ಮತ್ತು ಸಿಗದ ಶಾಲೆಗಳನ್ನು ಹೋಲಿಸಿದರು. ಸಿಗದ ಕಡೆ ಒಬ್ಬ ವಿದ್ಯಾರ್ಥಿಗೆ 0.12 ಕಂಪ್ಯೂಟರ್, ಸಿಕ್ಕ ಕಡೆ 1.18. ಅಂದ್ರೆ ತಲೆಗೊಂದಕ್ಕಿಂತ ಹೆಚ್ಚು! ಸುಮಾರು 15 ತಿಂಗಳ ನಂತರ ಪರೀಕ್ಷೆ ಮಾಡಿದರೆ ಗಣಿತದಲ್ಲಿ, ಭಾಷೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಲ್ಯಾಪ್‌ಟಾಪ್ ಒಳಗೆ ಸುಮಾರು 200 ಪುಸ್ತಕ ತುಂಬಿಸಿ ಕೊಟ್ಟಿದ್ದರು, ಓದುವ ಅಭ್ಯಾಸವೂ ಬದಲಾಗಲಿಲ್ಲ. ಹಾಗಂತ ಅವು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು ಅಂತಲ್ಲ. ಮಕ್ಕಳು ಟೈಪ್ ಮಾಡಿದರು, ಆಟ ಆಡಿದರು, ಹಾಡು ಕೇಳಿದರು, ವಿಡಿಯೊ ತೆಗೆದರು. ಯೋಚನಾಶಕ್ತಿ ಅಳೆಯೋ ಪರೀಕ್ಷೆಯಲ್ಲಿ ಒಂಚೂರು ಲಾಭವೂ ಕಾಣಿಸ್ತು. ಪಾಠಕ್ಕೂ ಆ ಯಂತ್ರಕ್ಕೂ ನಂಟು ಮಾತ್ರ ಬೆಳೀಲಿಲ್ಲ.

ಹಾಗಾದ್ರೆ ತಂತ್ರಜ್ಞಾನವೇ ದಂಡ ಅನ್ನಬಹುದಾ? ಇಲ್ಲಿ ದೆಹಲಿಯ ಕತೆ ಬರುತ್ತೆ.

ಸಂಶೋಧಕರಾದ ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್, ಅಲೆಹಾಂದ್ರೊ ಗಾನಿಮಿಯನ್ ಸರ್ಕಾರಿ ಶಾಲೆಯ 619 ಮಕ್ಕಳನ್ನು ತಗೊಂಡರು. ಲಾಟರಿ ಎತ್ತಿ ಕೆಲವರಿಗೆ ‘ಮೈಂಡ್‌ಸ್ಪಾರ್ಕ್’ ಅನ್ನೋ ಸಾಫ್ಟ್‌ವೇರ್ ಇದ್ದ ಕೇಂದ್ರಕ್ಕೆ ಉಚಿತ ಪ್ರವೇಶ ಕೊಟ್ಟರು. ಶಾಲೆ ಮುಗಿದ ಮೇಲೆ ಒಂದೂವರೆ ಗಂಟೆ: ಅರ್ಧ ಹೊತ್ತು ಕಂಪ್ಯೂಟರ್ ಮುಂದೆ, ಇನ್ನರ್ಧ ಸಣ್ಣ ಗುಂಪಿನಲ್ಲಿ ಒಬ್ಬ ಬೋಧಕರ ಜೊತೆ. ನಾಲ್ಕೂವರೆ ತಿಂಗಳಲ್ಲಿ ಈ ಮಕ್ಕಳ ಪ್ರಗತಿ ಉಳಿದವರಿಗಿಂತ ದುಪ್ಪಟ್ಟು ಮೀರಿತ್ತು, ಗಣಿತದಲ್ಲೂ ಹಿಂದಿಯಲ್ಲೂ. ಹೆಚ್ಚುವರಿ ಹೊತ್ತು, ಜೊತೆಗೊಬ್ಬ ಬೋಧಕರು ಸಿಕ್ಕಿದ್ದೂ ಇದಕ್ಕೆ ಒಂದು ಕಾರಣ ಇರಬಹುದು, ಅದನ್ನು ಮರೆಯೋದು ಬೇಡ.

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಪ್ರಯೋಗ ಶುರುವಾದಾಗ 6ನೇ ತರಗತಿ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿತ್ತು. ಮೇಲಿನ ತರಗತಿಗಳಲ್ಲಿ ಈ ಅಂತರ ಇನ್ನೂ ಜಾಸ್ತಿ. ಶಾಲೆಯಲ್ಲಿ ಪಠ್ಯಪುಸ್ತಕ ಮುಂದೆ ಮುಂದೆ ಓಡುತ್ತೆ, ಮಗು ಹಿಂದೆಯೇ ಉಳಿಯುತ್ತೆ. ಸಾಫ್ಟ್‌ವೇರ್ ಮಾಡಿದ್ದು ಇಷ್ಟೇ: ಮಗು ನಿಜವಾಗಿ ಎಲ್ಲಿದೆ ಅಂತ ಪರೀಕ್ಷಿಸಿ, ಅಲ್ಲಿಂದಲೇ ಶುರು ಮಾಡಿತು. ಒಂದೇ ಕ್ಲಾಸಿನ ಇಬ್ಬರಿಗೆ ಎರಡು ಬೇರೆ ಲೆಕ್ಕ.

ಈ ಉಪಾಯ ನಮಗೇನೂ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ‘ನಲಿ ಕಲಿ’ ನೆನಪಿದೆಯಾ? ನಿಮ್ಮಲ್ಲಿ ಕೆಲವರು ಅದರಲ್ಲೇ ಓದಿರ್ತೀರಿ. ಕಾರ್ಡು, ಗುಂಪು, ಕಲಿಕಾ ಏಣಿ. ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಹತ್ತಬೇಕು. ಒಂದೂ ಕಂಪ್ಯೂಟರ್ ಇಲ್ಲ. ಆಚರಣೆಯಲ್ಲಿ ಎಷ್ಟೋ ಕಡೆ ಸೊರಗಿದೆ ಅನ್ನೋ ದೂರೂ ಇದೆ. ಆದರೆ ತತ್ವ ಅದೇ. ಅದು ಮೂರನೇ ತರಗತಿಗೆ ಮುಗಿದು, ನಾಲ್ಕರಿಂದ ಎಲ್ಲರಿಗೂ ಒಂದೇ ಪುಟ.

ಸ್ಮಾರ್ಟ್ ಬೋರ್ಡ್ ಬಗ್ಗೆ ನನಗಿರೋ ತಕರಾರು ಇಲ್ಲಿಂದಲೇ ಹುಟ್ಟೋದು. ಅದು ನಲವತ್ತು ಮಕ್ಕಳಿಗೂ ಒಂದೇ ಪುಟವನ್ನು ಇನ್ನಷ್ಟು ಬಣ್ಣದಲ್ಲಿ ತೋರಿಸುತ್ತೆ. ಅದರ ಮೇಲೆ ಕರೆಂಟು, ರಿಪೇರಿ, ಇಂಟರ್ನೆಟ್ ಬಿಲ್ ಪ್ರತಿ ವರ್ಷದ ಖರ್ಚು. ಬೋರ್ಡ್ ಕೊಡಿಸಿದವರು ಆ ಬಿಲ್ ಕಟ್ಟೋಕೆ ಮತ್ತೆ ಬರೋದು ಅಪರೂಪ.

ಇನ್ನು ‘ಮಕ್ಕಳು ಡಿಜಿಟಲ್‌ಗೆ ರೆಡಿ ಇದ್ದಾರಾ’ ಅನ್ನೋ ಪ್ರಶ್ನೆ. 2024ರ ‘ಅಸರ್’ ಸಮೀಕ್ಷೆ ಪ್ರಕಾರ, ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನವರಲ್ಲಿ 80%ಗಿಂತ ಹೆಚ್ಚು ಮಂದಿಗೆ ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ. ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದವರು 57%, ಸೋಶಿಯಲ್ ಮೀಡಿಯಾಗೆ 76%. ಬೆರಳು ರೆಡಿ ಇದೆ. ಭಾಗಾಕಾರ ರೆಡಿ ಇದೆಯಾ ಅಂತ ಯಾರೂ ಕೇಳ್ತಿಲ್ಲ.

ಹಾಗಾಗಿ ನಿಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗ್ರೂಪಲ್ಲಿ ‘ನಮ್ಮ ಶಾಲೆಗೆ ಏನಾದ್ರೂ ಕೊಡಿಸೋಣ’ ಅಂತ ಮೆಸೇಜ್ ಬಂದರೆ, ಹಣ ಹಾಕೋಕೆ ಮುಂಚೆ ಹೆಡ್‌ಮಾಸ್ಟರ್ ಅಥವಾ ಎಸ್‌ಡಿಎಂಸಿಯವರನ್ನು ಕೇಳಿ: ಆರನೇ ಕ್ಲಾಸಲ್ಲಿ ಎಷ್ಟು ಮಕ್ಕಳಿಗೆ ಭಾಗಾಕಾರ ಬರುತ್ತೆ? ಕೊಡಿಸಿದ ಸಾಮಾನು ಯಾವ ಪೀರಿಯಡ್‌ನಲ್ಲಿ, ಯಾರ ಕೈಯಲ್ಲಿ ಇರುತ್ತೆ? ಕೆಟ್ಟರೆ ಯಾರು ಸರಿ ಮಾಡಿಸ್ತಾರೆ? ಉತ್ತರ ಸಿಕ್ಕರೆ ಧಾರಾಳವಾಗಿ ಕೊಡಿಸಿ. ಸಿಗದಿದ್ದರೆ ಅದೇ ದುಡ್ಡಲ್ಲಿ ಸಂಜೆ ಒಂದು ಗಂಟೆ ಹಿಂದುಳಿದ ಮಕ್ಕಳ ಜೊತೆ ಕೂರೋಕೆ ಊರಿನ ಒಬ್ಬ ಡಿಗ್ರಿ ಹುಡುಗಿಗೋ ಹುಡುಗನಿಗೋ ಗೌರವಧನ ಕೊಡಬಹುದಾ ಅಂತ ವಿಚಾರಿಸಿ.