'ಸಲಗ'ದಾಗಿನ ಸಿದ್ದಿ ತಾಳ

ಕನ್ನಡದ ಕ್ರೈಮ್ ಸಿನಿಮಾದಾಗ ಆಫ್ರಿಕಾದ ತಾಳ ಕೇಳೀರೇನ್ರಿ?

'ಸಲಗ', 2021.
ದುನಿಯಾ ವಿಜಯ್ ನಿರ್ದೇಶನ.
ಮಚ್ಚು, ಜೈಲು, ಬೆಂಗಳೂರಿನ ರೌಡಿಗಳು…
ಅದರ ಜೋಡಿ 'ಟಿಣಿಂಗ ಮಿಣಿಂಗ ಟಿಶ್ಯಾ' ಅನ್ನೋ ಹಾಡು!

ಹಾಡಿದವರಾಗ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಅದಾರ.

ಇವರ ಸಿದ್ದಿ ಸಮುದಾಯದ ಮೂಲ ಆಫ್ರಿಕಾ,
ಅದರಾಗೂ ಹೆಚ್ಚಾಗಿ ಪೂರ್ವದ ಕಡೆ.
ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕ ತಂದ್ರು.
ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದ್ರು.
ಯಲ್ಲಾಪುರ, ಹಳಿಯಾಳ…
ನಮ್ಮ ಧಾರವಾಡ ಜಿಲ್ಲೆಯ ಕಲಘಟಗಿಯಾಗೂ ಅದಾರ!

ಅವರ ಡಮಾಮಿ ನೋಡ್ರಿ.
ತೊಗಲು ಬಿಗಿದ ವಾದ್ಯ, ಸುತ್ತ ಹೆಂಗಸರ ಕುಣಿತ.
ಜಾತ್ರ್ಯಾಗ ತೇರು ಎಳೆದಾಗ ನೆಲ ನಡುಗತೈತಲ್ಲ, ಹಂಗ!

ಹಿಂದೂ ಸಿದ್ದಿಗಳ ಮನ್ಯಾಗ ಸತ್ತ ಹಿರಿಯರಿಗೆ ಪೂಜೆ.
ಹಿರಿಯರು ಮನಿ ಕಾಯತಾರ ಅನ್ನೋ ನಂಬಿಕಿ.
ಖರೇ ಥ್ರಿಲ್ಲರ್ ಇರೋದು ಇಲ್ಲೇ!
'ಸಲಗ' ತಗೊಂಡಿದ್ದು ಬರೇ ತಾಳ.

ಹಿರಿಯರ ಈ ಕಥಿ ಸಿದ್ದಿಗಳೇ ಬರೀಬೇಕು, ಅವರೇ ನಟಿಸಬೇಕು.
ನೀವೇನಂತೀರಿ? ಕಮೆಂಟ್ ಹಾಕ್ರಿ.