ಮನೆಗೆ ಹೊದೆಸಿದ ಕಂಬಳಿ: ಎರಡು ದೇಶಗಳ ಅನುಭವ, ಒಂದು ಉದ್ದಿಮೆಯ ಪಾಠ

ಇಂಧನವನ್ನು ಉಳಿಸಿದರೆ ಉತ್ಪಾದಿಸಿದಂತೆಯೇ ಎಂಬ ಮಾತು ವಾಣಿಜ್ಯ ಮತ್ತು ಕೈಗಾರಿಕಾ ವಲಯಕ್ಕೆ ಹೊಸದಲ್ಲ. ಬಾಯ್ಲರಿಗೆ, ಉಗಿಯ ಕೊಳವೆಗಳಿಗೆ, ಶೀತಲಗೃಹದ ಗೋಡೆಗಳಿಗೆ ಉಷ್ಣನಿರೋಧಕ ಹೊದಿಕೆಯನ್ನು ಹಾಕಿಸುವ ಉದ್ಯಮಿಗೆ ಅದರ ಲಾಭನಷ್ಟದ ಲೆಕ್ಕವೂ ತಿಳಿದಿರುತ್ತದೆ. ಇದೇ ಹೊದಿಕೆಯನ್ನು ವಾಸದ ಮನೆಗಳಿಗೆ ಹಾಕುವ ಕಾರ್ಯವು ಚಳಿ ಹೆಚ್ಚಿರುವ ದೇಶಗಳಲ್ಲಿ ಒಂದು ದೊಡ್ಡ ಉದ್ದಿಮೆಯಾಗಿ ಬೆಳೆದಿದೆ. ಆ ಉದ್ದಿಮೆಯ ಇತಿಹಾಸದಲ್ಲಿ 2009ನೆಯ ಇಸವಿಯ ಜುಲೈ ತಿಂಗಳು ವಿಶೇಷವಾಗಿ ಗಮನಿಸಬೇಕಾದುದು. ದಕ್ಷಿಣ ಗೋಳಾರ್ಧದ ಚಳಿಗಾಲದ ಆ ತಿಂಗಳಿನಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಎಂಬ ಎರಡು ನೆರೆಯ ದೇಶಗಳು ಮನೆಗಳ ಉಷ್ಣನಿರೋಧಕ್ಕೆ ಸರ್ಕಾರಿ ಸಹಾಯಧನವನ್ನು ನೀಡತೊಡಗಿದವು. ಬಳಸಿದ ಸರಕು ಬಹುಮಟ್ಟಿಗೆ ಒಂದೇ. ಆದರೆ ಒಂದು ದೇಶದಲ್ಲಿ ನಾಲ್ವರು ಯುವಕರು ಪ್ರಾಣ ಕಳೆದುಕೊಂಡು, ಎಂಟು ತಿಂಗಳು ತುಂಬುವ ಮೊದಲೇ ಯೋಜನೆ ನಿಂತುಹೋಯಿತು. ಇನ್ನೊಂದರಲ್ಲಿ ಯೋಜನೆ ನಾಲ್ಕು ವರ್ಷಗಳಷ್ಟು ಕಾಲ ನಡೆದು 2.3 ಲಕ್ಷಕ್ಕೂ ಹೆಚ್ಚು ಮನೆಗಳನ್ನು ತಲುಪಿತು. ಈ ಅಂತರಕ್ಕೆ ಕಾರಣಗಳೇನು ಎಂಬುದು ವರ್ತಕರೂ ಸಣ್ಣ ಉತ್ಪಾದಕರೂ ತಿಳಿಯಬೇಕಾದ ವಿಷಯವಾಗಿದೆ.

ಕಂಬಳಿಯ ತತ್ತ್ವ

ಕಂಬಳಿಯು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಮೈಯ ಶಾಖವು ಹೊರಗೆ ಹೋಗದಂತೆ ತಡೆಯುತ್ತದೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ನಿಶ್ಚಲವಾದ ಗಾಳಿಯೇ ಇಲ್ಲಿ ನಿಜವಾದ ತಡೆ. ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ ಗೋಣಿತಾಟು ಹೊದೆಸುವ ವ್ಯಾಪಾರಿಯೂ ಇದೇ ತತ್ತ್ವವನ್ನು ಹಿಮ್ಮುಖವಾಗಿ ಬಳಸುತ್ತಾನೆ. ಗ್ಲಾಸ್‌ವೂಲ್, ರಾಕ್‌ವೂಲ್, ಥರ್ಮೋಕೋಲ್, ಪಾಲಿಯುರೇಥೇನ್ ಫೋಮ್ ಮೊದಲಾದ ಆಧುನಿಕ ಸರಕುಗಳು ಕೂಡ ಗಾಳಿಯನ್ನು ಅಥವಾ ಅನಿಲವನ್ನು ಸಣ್ಣ ಸಣ್ಣ ಕೋಶಗಳಲ್ಲಿ ಬಂಧಿಸಿಡುವ ಸಾಧನಗಳೇ ಆಗಿವೆ. 100 ಮಿಲಿಮೀಟರ್ ದಪ್ಪದ ಗ್ಲಾಸ್‌ವೂಲ್ ಹಾಸು ಒದಗಿಸುವ ಉಷ್ಣತಡೆಯನ್ನು ಸಾಮಾನ್ಯ ಇಟ್ಟಿಗೆಯಿಂದ ಪಡೆಯಬೇಕಾದರೆ ಗೋಡೆಯ ದಪ್ಪವು ಸುಮಾರು ಒಂದೂಮುಕ್ಕಾಲು ಮೀಟರ್ ಇರಬೇಕಾಗುತ್ತದೆ.

ಅಲ್ಯುಮಿನಿಯಂ ಫಾಯಿಲ್ ಹೊದಿಕೆಯ ರೀತಿ ಬೇರೆ. ಅದು ವಿಕಿರಣ ರೂಪದಲ್ಲಿ ಬರುವ ಶಾಖವನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಬೆಲೆ ಕಡಿಮೆ, ಹಗುರ, ಹಾಸುವುದು ಸುಲಭ. ಆದರೆ ಲೋಹವಾದ್ದರಿಂದ ವಿದ್ಯುತ್ತನ್ನು ಹರಿಯಗೊಡುತ್ತದೆ. ಮುಂದೆ ನಡೆದ ದುರಂತಗಳಿಗೆ ಈ ಗುಣವೂ ಒಂದು ಕಾರಣವಾಯಿತು.

ಉಷ್ಣನಿರೋಧದ ಇನ್ನೊಂದು ಲಕ್ಷಣವನ್ನು ವ್ಯಾಪಾರದ ದೃಷ್ಟಿಯಿಂದ ಗಮನಿಸಬೇಕು. ಹಾಸುಗಳ ನಡುವೆ ಸಂದು ಬಿಟ್ಟರೆ, ಹಾಸನ್ನು ಒತ್ತಿ ತುರುಕಿದರೆ ಅಥವಾ ಅದು ತೇವಗೊಂಡರೆ ಅದರ ಗುಣವು ಬಹಳ ಕುಗ್ಗುತ್ತದೆ. ಕೆಲಸ ಮುಗಿದ ಬಳಿಕ ಅದು ಚಾವಣಿಯ ಮೇಲೆ, ನೆಲದ ಕೆಳಗೆ, ಗೋಡೆಯ ಒಳಗೆ ಅಡಗಿಹೋಗುತ್ತದೆ. ಮನೆಯೊಡೆಯನು ಅದನ್ನು ನೋಡುವುದೇ ಇಲ್ಲ. ಹೀಗೆ ಕಣ್ಣಿಗೆ ಕಾಣದ ಕೆಲಸವನ್ನು ಮಾರುವ ಉದ್ದಿಮೆಯು ವಿಶ್ವಾಸದ ಬಲದಿಂದಲೇ ಬದುಕಬೇಕಾಗುತ್ತದೆ.

ಆಸ್ಟ್ರೇಲಿಯದ ಭರಾಟೆ

2008ರ ಜಾಗತಿಕ ಆರ್ಥಿಕ ಕುಸಿತದ ಪರಿಣಾಮವನ್ನು ತಡೆಯಲು ಪ್ರಧಾನಿ ಕೆವಿನ್ ರಡ್ ಅವರ ಸರ್ಕಾರವು 2009ರ ಫೆಬ್ರವರಿಯಲ್ಲಿ ದೊಡ್ಡ ಪ್ರಮಾಣದ ಉತ್ತೇಜನ ಯೋಜನೆಯನ್ನು ಪ್ರಕಟಿಸಿತು. ಮನೆಗಳ ಒಳಚಾವಣಿಗೆ ಉಷ್ಣನಿರೋಧಕವನ್ನು ಹಾಸುವ ಕಾರ್ಯಕ್ರಮವು ಅದರ ಒಂದು ಅಂಗ. ಇಂಧನವನ್ನು ಉಳಿಸುವುದರ ಜೊತೆಗೆ ಹೆಚ್ಚಿನ ತರಬೇತಿಯಿಲ್ಲದ ಯುವಕರಿಗೆ ಕೂಡಲೇ ಉದ್ಯೋಗ ಒದಗಿಸುವುದೂ ಅದರ ಗುರಿಯಾಗಿತ್ತು. ಜುಲೈ 1ರಿಂದ ಪ್ರತಿ ಮನೆಗೆ ಗರಿಷ್ಠ 1,600 ಆಸ್ಟ್ರೇಲಿಯನ್ ಡಾಲರ್ ಸಹಾಯಧನವು ಲಭ್ಯವಾಯಿತು. ಕೆಲಸದ ವೆಚ್ಚವು ಈ ಮಿತಿಯೊಳಗಿದ್ದರೆ ಮನೆಯೊಡೆಯನು ಒಂದು ಕಾಸನ್ನೂ ಕೊಡಬೇಕಾಗಿರಲಿಲ್ಲ. ಹಾಸುವ ಗುತ್ತಿಗೆದಾರನೇ ಸರ್ಕಾರದಿಂದ ನೇರವಾಗಿ ಹಣವನ್ನು ಪಡೆಯುತ್ತಿದ್ದನು.

ಅಲ್ಲಿಯವರೆಗೆ ಕೆಲವು ನೂರು ಸಂಸ್ಥೆಗಳಷ್ಟೇ ಇದ್ದ ಈ ಉದ್ದಿಮೆಗೆ ಹೊಸಬರ ಪ್ರವಾಹವೇ ಹರಿದುಬಂದಿತು. ನೋಂದಾಯಿತರ ಸಂಖ್ಯೆಯು ಹತ್ತು ಸಾವಿರವನ್ನು ದಾಟಿತು. ಗಾಳಿ ಬಂದಾಗ ತೂರಿಕೋ ಎಂಬುದು ಕಣದ ರೈತನಿಗೂ ಅಂಗಡಿಯ ವರ್ತಕನಿಗೂ ಒಪ್ಪುವ ಗಾದೆ. ಆದರೆ ಬೀಸಿದ್ದು ಬಿರುಗಾಳಿಯಾದರೆ ಹೊಟ್ಟಿನೊಂದಿಗೆ ಕಾಳೂ ಹಾರಿಹೋಗುತ್ತದೆ. ಹಾಸುವ ಪ್ರತಿಯೊಬ್ಬನೂ ತರಬೇತಿ ಪಡೆದಿರಬೇಕೆಂಬ ಆರಂಭದ ಚಿಂತನೆಯನ್ನು ಕೈಬಿಟ್ಟು, ಮೇಲ್ವಿಚಾರಕನೊಬ್ಬನಿಗೆ ಅರ್ಹತೆಯಿದ್ದರೆ ಸಾಕೆಂಬ ನಿಯಮವನ್ನು ತರಲಾಯಿತು. ತನ್ನ ಹಣ ವೆಚ್ಚವಾಗದ ಕಾರಣ ಮನೆಯೊಡೆಯನು ಕೆಲಸದ ಗುಣಮಟ್ಟವನ್ನು ವಿಚಾರಿಸಲಿಲ್ಲ. ಎಷ್ಟು ಬೇಗ ಮುಗಿಸಿದರೆ ಅಷ್ಟು ಹೆಚ್ಚು ಸಂಪಾದನೆ ಎಂಬುದೇ ಹಲವರ ವ್ಯಾಪಾರನೀತಿಯಾಯಿತು.

ನಾಲ್ಕು ಸಾವುಗಳು

2009ರ ಅಕ್ಟೋಬರ್ ಮಧ್ಯದಲ್ಲಿ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 25 ವರ್ಷದ ಯುವಕನೊಬ್ಬನು ಫಾಯಿಲ್ ಹಾಸುತ್ತಿದ್ದಾಗ ವಿದ್ಯುದಾಘಾತದಿಂದ ಸತ್ತನು. ಫಾಯಿಲನ್ನು ಬಿಗಿಯಲು ಹೊಡೆದ ಲೋಹದ ಪಿನ್ನು ವಿದ್ಯುತ್ ತಂತಿಯ ಹೊದಿಕೆಯನ್ನು ಭೇದಿಸಿ, ಇಡೀ ಫಾಯಿಲ್ ಹಾಸಿನಲ್ಲಿ ವಿದ್ಯುತ್ ಹರಿದಿತ್ತು. ನವೆಂಬರಿನಲ್ಲಿ ಅದೇ ರಾಜ್ಯದ 16 ವರ್ಷದ ಹುಡುಗನೊಬ್ಬನು ಚಾವಣಿಯಲ್ಲಿ ಮೊದಲೇ ಇದ್ದ ವಿದ್ಯುತ್ ದೋಷಕ್ಕೆ ಬಲಿಯಾದನು. ಅದೇ ತಿಂಗಳು ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 19 ವರ್ಷದ ಯುವಕನೊಬ್ಬನು ಸುಡುಬಿಸಿಲಿನ ದಿನ ಚಾವಣಿಯೊಳಗೆ ಕೆಲಸ ಮಾಡಿ ತಾಪಾಘಾತದಿಂದ ಅಸುನೀಗಿದನು. 2010ರ ಫೆಬ್ರವರಿ ಆರಂಭದಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿಯೇ 22 ವರ್ಷದ ಇನ್ನೊಬ್ಬನು ಮತ್ತೆ ಫಾಯಿಲಿನಿಂದಾದ ವಿದ್ಯುದಾಘಾತಕ್ಕೆ ಈಡಾದನು. ಲೋಹದ ಪಿನ್ನುಗಳ ಬಳಕೆಯನ್ನು ಮೊದಲನೆಯ ಸಾವಿನ ಬಳಿಕ, 2009ರ ನವೆಂಬರ್ ವೇಳೆಗೇ ನಿಷೇಧಿಸಲಾಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಆದೇಶವು ಕಾಗದದಲ್ಲಿತ್ತು, ಚಾವಣಿಯವರೆಗೆ ತಲುಪಲಿಲ್ಲ.

ಅಪಾಯವು ಯಾರಿಗೂ ಗೊತ್ತಿಲ್ಲದ್ದೂ ಆಗಿರಲಿಲ್ಲ. ಫಾಯಿಲ್ ಮತ್ತು ಲೋಹದ ಪಿನ್ನುಗಳಿಂದ 2007ರಲ್ಲಿಯೇ ನೆರೆಯ ನ್ಯೂಜಿಲೆಂಡಿನಲ್ಲಿ ಸಾವುಗಳು ಸಂಭವಿಸಿದ್ದವು. ಹಾಸುಗಳನ್ನು ಒಳಚಾವಣಿಯ ಬಿಸಿಯಾಗುವ ದೀಪಗಳ ಮೇಲೆಯೇ ಹೊದೆಸಿದ್ದರಿಂದ ಬೆಂಕಿ ಬಿದ್ದ ಪ್ರಕರಣಗಳೂ ಸೇರಿದಂತೆ, ಯೋಜನೆಗೆ ಸಂಬಂಧಿಸಿದ ಇನ್ನೂರಕ್ಕೂ ಹೆಚ್ಚು ಅಗ್ನಿ ಅನಾಹುತಗಳು ವರದಿಯಾದವು.

ಗೋದಾಮಿನಲ್ಲಿ ಉಳಿದ ಸರಕು

2010ರ ಫೆಬ್ರವರಿ 19ರಂದು ಪರಿಸರ ಸಚಿವ ಪೀಟರ್ ಗ್ಯಾರೆಟ್ ಅವರು ಯೋಜನೆಯು ಮುಕ್ತಾಯವಾಯಿತೆಂದು ಪ್ರಕಟಿಸಿದರು. ಅಷ್ಟರಲ್ಲಿ 11 ಲಕ್ಷಕ್ಕೂ ಹೆಚ್ಚು ಮನೆಗಳ ಕೆಲಸ ಮುಗಿದಿತ್ತು. ಮುಂದೆ ಇನ್ನೂ ಎರಡು ವರ್ಷಗಳಷ್ಟು ಬೇಡಿಕೆ ಇರುತ್ತದೆಂದು ನಂಬಿ ಉತ್ಪಾದನೆಯನ್ನು ಹೆಚ್ಚಿಸಿದ್ದವರ, ಹೊರದೇಶಗಳಿಂದ ಸರಕನ್ನು ತರಿಸಿದ್ದವರ ಗೋದಾಮುಗಳಲ್ಲಿ ಮಾಲು ರಾಶಿಯಾಗಿ ಉಳಿಯಿತು. ಕೆಲಸಗಾರರು ದಿನ ಬೆಳಗಾಗುವಷ್ಟರಲ್ಲಿ ನಿರುದ್ಯೋಗಿಗಳಾದರು. ಫಾಯಿಲ್ ಹೊದೆಸಿದ್ದ ಸುಮಾರು 50 ಸಾವಿರ ಮನೆಗಳ ಸುರಕ್ಷತೆಯನ್ನು ಪುನಃ ಪರೀಕ್ಷಿಸುವ ಹೊಣೆಯು ಸರ್ಕಾರದ ಹೆಗಲಿಗೆ ಬಿದ್ದಿತು.

ಹೊಸಬರು ಬಂದ ದಾರಿಯಲ್ಲಿ ಹಿಂದಿರುಗಿದರು. ಹೆಚ್ಚು ಪೆಟ್ಟು ತಿಂದವರು ಯೋಜನೆಗೆ ಮೊದಲು ಹತ್ತಾರು ವರ್ಷಗಳಿಂದ ಇದೇ ವೃತ್ತಿಯನ್ನು ಪ್ರಾಮಾಣಿಕವಾಗಿ ನಡೆಸುತ್ತಿದ್ದ ಸಣ್ಣ ಸಂಸ್ಥೆಗಳವರು. ಮುಂದಿನ ವರ್ಷಗಳಲ್ಲಿ ಅವರನ್ನು ಹುಡುಕಿಕೊಂಡು ಬರಬೇಕಾಗಿದ್ದ ಗಿರಾಕಿಗಳ ಚಾವಣಿಗಳೆಲ್ಲ ಆಗಲೇ ತುಂಬಿದ್ದವು. ಉಳಿದವರಿಗೆ ಉಷ್ಣನಿರೋಧ ಎಂಬ ಹೆಸರೇ ಭಯವನ್ನು ಹುಟ್ಟಿಸುತ್ತಿತ್ತು. ನ್ಯಾಯವಾದಿ ಇಯಾನ್ ಹ್ಯಾಂಗರ್ ಅವರ ನೇತೃತ್ವದ ರಾಯಲ್ ಆಯೋಗವು 2014ರಲ್ಲಿ ಸಲ್ಲಿಸಿದ ವರದಿಯು, ಯೋಜನೆಯನ್ನು ಸರಿಯಾಗಿ ರೂಪಿಸಿ ಜಾರಿಗೊಳಿಸಿದ್ದರೆ ಆ ಸಾವುಗಳು ಸಂಭವಿಸುತ್ತಿರಲಿಲ್ಲವೆಂಬ ನಿರ್ಣಯಕ್ಕೆ ಬಂದಿತು. ಹಳೆಯ ಉದ್ದಿಮೆಗಳಿಗಾದ ಹಾನಿಯನ್ನೂ ಅದು ದಾಖಲಿಸಿತು. ನಷ್ಟ ಪರಿಹಾರವನ್ನು ಕೋರಿ ಅನೇಕ ಸಂಸ್ಥೆಗಳು ಒಟ್ಟಾಗಿ ಹೂಡಿದ ದಾವೆಯನ್ನು ವಿಕ್ಟೋರಿಯ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತಿರಸ್ಕರಿಸಿತು. ಈ ಸಂಸ್ಥೆಗಳ ವಿಷಯದಲ್ಲಿ ಸರ್ಕಾರಕ್ಕೆ ಕಾನೂನಿನನ್ವಯ ಎಚ್ಚರಿಕೆಯ ಹೊಣೆ ಇರಲಿಲ್ಲವೆಂಬುದು ತೀರ್ಪಿನ ಸಾರಾಂಶ.

ನ್ಯೂಜಿಲೆಂಡ್ ಹಿಡಿದ ದಾರಿ

ನ್ಯೂಜಿಲೆಂಡಿನ ಹಳೆಯ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ಗಿಡ್ಡ ಕಂಬಗಳ ಮೇಲೆ ನಿಂತ ಈ ಮನೆಗಳ ನೆಲದ ಕೆಳಗೆ ಗಾಳಿ ಆಡುತ್ತದೆ. ಹೊಸ ಮನೆಗಳಿಗೆ ಉಷ್ಣನಿರೋಧವು ಕಡ್ಡಾಯವಾದದ್ದು 1978ರಲ್ಲಿ; ಅದಕ್ಕೆ ಮುಂಚಿನ ಬಹುಪಾಲು ಮನೆಗಳು ಚಳಿಗಾಲದಲ್ಲಿ ತಣ್ಣಗೂ ತೇವವಾಗಿಯೂ ಇರುತ್ತಿದ್ದವು. ಅಲ್ಲಿನ ಸಂಶೋಧಕರು ಏಳು ಪ್ರದೇಶಗಳ 1,350 ಕಡಿಮೆ ಆದಾಯದ ಕುಟುಂಬಗಳನ್ನು ಅಧ್ಯಯನ ಮಾಡಿ, 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉಷ್ಣನಿರೋಧಕ ಹಾಕಿದ ಮನೆಗಳ ಮಲಗುವ ಕೋಣೆಯ ಉಷ್ಣತೆಯು ಸರಾಸರಿ ಅರ್ಧ ಡಿಗ್ರಿಯಷ್ಟೇ ಏರಿತ್ತು. ಆದರೂ ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ತಪ್ಪಿಸಿಕೊಳ್ಳುವ ದಿನಗಳು ಗಮನಾರ್ಹವಾಗಿ ಇಳಿದಿದ್ದವು. ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ನೀಡಿದ ಸಲಹೆಯ ಮಹತ್ತ್ವವು ಇದರಿಂದ ತಿಳಿಯುತ್ತದೆ.

ಹೀಗೆ ಅಧ್ಯಯನದ ತಳಹದಿಯ ಮೇಲೆ 2009ರ ಜುಲೈನಲ್ಲಿ ಆರಂಭವಾದ ಯೋಜನೆಯಲ್ಲಿ ಮೂರು ಅಂಶಗಳು ಎದ್ದುಕಾಣುತ್ತವೆ. ಮೊದಲನೆಯದಾಗಿ, ಸಾಮಾನ್ಯ ಕುಟುಂಬಕ್ಕೆ ಸರ್ಕಾರ ಕೊಟ್ಟದ್ದು ವೆಚ್ಚದ ಮೂರನೆಯ ಒಂದು ಭಾಗ, ಗರಿಷ್ಠ 1,300 ನ್ಯೂಜಿಲೆಂಡ್ ಡಾಲರ್. ಕಡಿಮೆ ಆದಾಯದವರಿಗೆ ಸಹಾಯವು ಹೆಚ್ಚು. ತನ್ನ ಹಣವೂ ಸೇರಿದ್ದರಿಂದ ಮನೆಯೊಡೆಯನು ಕೆಲಸವನ್ನು ಕಣ್ಣಿಟ್ಟು ನೋಡಿದನು. ಎರಡನೆಯದಾಗಿ, ಇಂಧನ ದಕ್ಷತಾ ಪ್ರಾಧಿಕಾರವು ಆಯ್ದು ಒಪ್ಪಂದ ಮಾಡಿಕೊಂಡ ಸಂಸ್ಥೆಗಳು ಮಾತ್ರ ಕೆಲಸ ಮಾಡಬಹುದಿತ್ತು. ಮುಗಿದ ಕೆಲಸಗಳಲ್ಲಿ ಒಂದು ಪಾಲನ್ನು ತಪಾಸಣೆಗೆ ಒಳಪಡಿಸಲಾಗುತ್ತಿತ್ತು. ಮೂರನೆಯದಾಗಿ, ಅನುದಾನವನ್ನು ನಾಲ್ಕು ವರ್ಷಗಳಿಗೆ ಹಂಚಿದ್ದರಿಂದ ಉದ್ದಿಮೆಗೆ ಕೆಲಸಗಾರರನ್ನು ಪಳಗಿಸಲು ಕಾಲಾವಕಾಶ ದೊರೆಯಿತು. ಆಡಳಿತದ ನ್ಯಾಷನಲ್ ಪಕ್ಷ ಮತ್ತು ಗ್ರೀನ್ ಪಕ್ಷಗಳು ಮುಂಚಿತವಾಗಿ ಒಪ್ಪಿಕೊಂಡಿದ್ದ ಕಾರ್ಯಕ್ರಮವಾದ್ದರಿಂದ ರಾಜಕೀಯ ಏರಿಳಿತದ ಭಯವೂ ಕಡಿಮೆಯಾಗಿತ್ತು.

2012ರಲ್ಲಿ ಹೊರಬಂದ ಮೌಲ್ಯಮಾಪನವು, ಯೋಜನೆಯ ವೆಚ್ಚಕ್ಕೆ ಹೋಲಿಸಿದರೆ ಸಮಾಜಕ್ಕಾದ ಲಾಭವು ಸುಮಾರು ನಾಲ್ಕು ಪಟ್ಟು ಎಂದು ಅಂದಾಜು ಮಾಡಿತು. ಅದರಲ್ಲಿ ಬಹುಪಾಲು ಆರೋಗ್ಯದ ಲಾಭ. ವಿದ್ಯುತ್ ಬಿಲ್ಲಿನ ಉಳಿತಾಯವು ಸಣ್ಣ ಅಂಶ. ಮೊದಲು ಚಳಿಯಲ್ಲಿ ನಡುಗುತ್ತಿದ್ದ ಕುಟುಂಬವು ಅದೇ ಖರ್ಚಿನಲ್ಲಿ ಬೆಚ್ಚಗಿರಲು ಬಯಸುವುದು ಸಹಜವೇ. ಹೀಗಾಗಿ ಬಿಲ್ಲು ಅರ್ಧಕ್ಕಿಳಿಯುತ್ತದೆ ಎಂಬ ಮಾತಿನಿಂದ ಸರಕನ್ನು ಮಾರಿದವನು ಗಿರಾಕಿಯ ದೂರನ್ನು ಕೇಳಬೇಕಾಗುತ್ತದೆ. ಮನೆ ಬೆಚ್ಚಗಾಗುತ್ತದೆ ಎಂದು ಹೇಳಿದವನ ಮಾತು ನಿಲ್ಲುತ್ತದೆ. ಅದೇ ದೇಶದಲ್ಲಿ 2019ರ ಜುಲೈ 1ರಿಂದ ಬಾಡಿಗೆ ಮನೆಗಳ ಒಳಚಾವಣಿಗೂ ನೆಲದಡಿಗೂ ಉಷ್ಣನಿರೋಧಕವನ್ನು ಕಡ್ಡಾಯಗೊಳಿಸಲಾಯಿತು. ಅಷ್ಟು ಹೊತ್ತಿಗೆ ಆ ಬೇಡಿಕೆಯನ್ನು ಪೂರೈಸಬಲ್ಲ ನುರಿತ ಉದ್ದಿಮೆಯೊಂದು ಅಲ್ಲಿ ಸಿದ್ಧವಾಗಿತ್ತು.

ವರ್ತಕರಿಗೆ ಉಳಿಯುವ ಪಾಠ

ಕರ್ನಾಟಕದಲ್ಲಿ ಚಳಿಗಿಂತ ಚಾವಣಿಯಿಂದ ಇಳಿಯುವ ಶಾಖದ ತೊಂದರೆಯೇ ಹೆಚ್ಚು. ಆದರೆ ಶಾಖವನ್ನು ಒಳಗಿಡುವ ಹೊದಿಕೆಯೇ ಅದನ್ನು ಹೊರಗೂ ಇಡುತ್ತದೆ. ಭಾರತ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಹೊರತಂದ ಇಕೋ ನಿವಾಸ್ ಸಂಹಿತೆಯು ಚಾವಣಿಯ ಮೂಲಕ ಹರಿಯುವ ಶಾಖಕ್ಕೆ ಒಂದು ಮಿತಿಯನ್ನು ನಿಗದಿಪಡಿಸಿದೆ. ಬರಿಯ ಕಾಂಕ್ರೀಟ್ ಚಾವಣಿಯು ಆ ಮಿತಿಯೊಳಗೆ ಬರಲಾರದು. ಸಂಹಿತೆಯು ಜಾರಿಗೆ ಬಂದಂತೆಲ್ಲ ಉಷ್ಣನಿರೋಧಕ ಸರಕುಗಳಿಗೆ ಬೇಡಿಕೆ ಬೆಳೆಯುವುದು ಸ್ವಾಭಾವಿಕ.

ಅಂತಹ ಬೇಡಿಕೆಯು ಬಂದಾಗ ಎರಡು ನೆರೆಯ ದೇಶಗಳ ಈ ಅನುಭವವು ಉಪಯೋಗಕ್ಕೆ ಬರಬಲ್ಲದು. ಸಹಾಯಧನವನ್ನೇ ಏಕೈಕ ಗಿರಾಕಿಯೆಂದು ಭಾವಿಸಿ ಸಾಲ ಮಾಡಿ ದಾಸ್ತಾನು ಏರಿಸುವುದು ಅಪಾಯಕಾರಿ. ಒಂದು ಪ್ರಕಟಣೆಯಿಂದ ತೆರೆದ ಮಾರುಕಟ್ಟೆಯು ಇನ್ನೊಂದು ಪ್ರಕಟಣೆಯಿಂದ ಮುಚ್ಚುತ್ತದೆ. ಹಾಸುವವನ ತರಬೇತಿಗೆ ತಗಲುವ ವೆಚ್ಚವನ್ನು ಸರಕಿನ ಬೆಲೆಯ ಭಾಗವೆಂದೇ ಎಣಿಸಬೇಕು. ಚಾವಣಿಯೊಳಗೆ ಹೋಗುವ ಮೊದಲು ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸುವ ಕೆಲಸಕ್ಕೆ ಒಂದು ನಿಮಿಷವೂ ಬೇಕಾಗಿಲ್ಲ. ಕಳಪೆ ಕೆಲಸ ಮಾಡುವವರನ್ನು ದೂರವಿಡುವ ನಿಯಮಗಳನ್ನು ಉದ್ದಿಮೆಯವರು ತಾವಾಗಿಯೇ ಸರ್ಕಾರದಿಂದ ಕೇಳಿ ಪಡೆಯುವುದು ಲೇಸು. ಆಸ್ಟ್ರೇಲಿಯದಲ್ಲಿ ಕೆಲವು ತಿಂಗಳ ಹಿಂದಷ್ಟೇ ವೃತ್ತಿಗೆ ಬಂದವರ ತಪ್ಪಿಗೆ ಹತ್ತಾರು ವರ್ಷಗಳಿಂದ ಹೆಸರು ಉಳಿಸಿಕೊಂಡಿದ್ದವರೂ ದಂಡ ತೆರಬೇಕಾಯಿತು.