ಲಿಬ್ರೆಆಫೀಸ್ ‘ಕದ್ದ ಕಾಪಿ’ಯೇ?

ಅಲ್ಲ. ಅದು ಓಪನ್‌ಆಫೀಸ್‌ನಿಂದ ಕವಲೊಡೆದದ್ದು ನಿಜ. ಆದರೆ ಕೋಡನ್ನು ನಕಲಿಸಿ, ತಿದ್ದಿ, ಹಂಚಲು ಓಪನ್‌ಆಫೀಸ್‌ನ ಪರವಾನಗಿಯೇ ಅನುಮತಿ ಕೊಟ್ಟಿತ್ತು.

2010ರಲ್ಲಿ ಒರಾಕಲ್ ಕಂಪನಿಯು ಓಪನ್‌ಆಫೀಸ್‌ನ ಒಡೆತನವಿದ್ದ ಸನ್ ಕಂಪನಿಯನ್ನು ಕೊಂಡಿತು. ಅದೇ ವರ್ಷ ಕೆಲವು ಡೆವಲಪರ್‌ಗಳು ಬೇರೆಯಾಗಿ ಲಿಬ್ರೆಆಫೀಸ್ ಆರಂಭಿಸಿದರು. ಕೋಡನ್ನು ಮರ್ಕ್ಯುರಿಯಲ್‌ನಿಂದ ಗಿಟ್‌ಗೆ ಸಾಗಿಸಿದರು. ಯಾವ ಬದಲಾವಣೆಯನ್ನು ಯಾರು, ಯಾವಾಗ ಸೇರಿಸಿದರು ಎಂದು ಬರೆದಿಡುವ ವ್ಯವಸ್ಥೆಗಳಿವು.

ಬರೀ ಫೈಲುಗಳನ್ನು ಕಾಪಿ ಮಾಡಿದ್ದರೆ ಈ ಲೆಕ್ಕ ಹಿಂದೆಯೇ ಉಳಿಯುತ್ತಿತ್ತು. ಅವರು ಹಳೆಯ ಇತಿಹಾಸವನ್ನೂ ಜೊತೆಗೆ ತಂದರು. 2000ನೇ ಇಸವಿಯ ನಮೂದುಗಳೂ ಅಲ್ಲಿವೆ, ಯಾರು ಬೇಕಾದರೂ ನೋಡಬಹುದು. ಇಂದು ದೋಷ ಕಂಡರೆ, ಅದು ಯಾವ ಬದಲಾವಣೆಯಿಂದ ಬಂತೆಂದು ಹುಡುಕಲು ಇದೇ ಆಧಾರ.

ಕದ್ದವರು ಇಷ್ಟು ಲೆಕ್ಕ ಇಡುವುದಿಲ್ಲ. ನೀವು ಮಾತ್ರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.